ಕೂತು ಕಾಲ ಕಳೆಯದವರ ಲೆಕ್ಕ

ನಾಲ್ಕು ಸೊನ್ನೆ ಎಂದರೆ ಈ ಮನುಷ್ಯ ದಿನದಲ್ಲಿ ಒಂದು ನಿಮಿಷವೂ ಕೂರುವುದಿಲ್ಲ ಎಂದು ಅರ್ಥ. ನಾಲ್ಕು ಎಂಟು ಎಂದರೆ ಗೊತ್ತಿಲ್ಲ, ನಾಲ್ಕು ಒಂಬತ್ತು ಎಂದರೆ ಹೇಳಲು ಇಷ್ಟವಿಲ್ಲ. ಎಂಟು ಗಂಟೆ ಕೂರುವವರಾದರೆ ನಿಮಿಷಕ್ಕಿಳಿಸಿ 0480. ಇದು ನಮ್ಮ ಸಮೀಕ್ಷೆಯ ಇಪ್ಪತ್ತೇಳನೆಯ ಪ್ರಶ್ನೆಗೆ ಕೋಡ್ ಹಾಕುವ ಕ್ರಮ. ಆ ಬೇಸಿಗೆಯ ಶುರುವಿನಲ್ಲಿ ನಾನು ತುಮಕೂರಿನ ಒಂದು ಬಾಡಿಗೆ ಮಹಡಿಯಲ್ಲಿ, ಫ್ಯಾನಿನ ಕೆಳಗೆ ಕೂತು, ನಾಲ್ಕು ಸೊನ್ನೆಗಳನ್ನು ನೋಡಿ ನೋಡಿ ಸಿಡಿಮಿಡಿಗೊಳ್ಳುತ್ತಿದ್ದೆ.

ಸಮೀಕ್ಷೆ ಸರ್ಕಾರದ್ದು, ಆರೋಗ್ಯದ ಬಗ್ಗೆ. ತುಮಕೂರು ನಗರ, ಗುಬ್ಬಿ, ಕುಣಿಗಲ್, ಈ ಮೂರು ಕಡೆಯ ಜನ ದಿನಕ್ಕೆ ಎಷ್ಟು ಹೊತ್ತು ಕೂತಿರುತ್ತಾರೆ, ಅದಕ್ಕೂ ಅವರ ಸೊಂಟನೋವಿಗೂ ಸಕ್ಕರೆ ಕಾಯಿಲೆಗೂ ಏನಾದರೂ ನಂಟಿದೆಯೇ ಎಂದು ತಿಳಿಯುವುದು ಉದ್ದೇಶ. ಸಮೀಕ್ಷಕರು ಮನೆಮನೆಗೆ ಹೋಗಿ ಟ್ಯಾಬ್‌ನಲ್ಲಿ ಉತ್ತರ ತುಂಬಿ ಕಳಿಸುತ್ತಿದ್ದರು. ಬಂದದ್ದನ್ನೆಲ್ಲ ನೋಡಿ, ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸಿ, ಅನುಮಾನ ಬಂದ ಕಡೆ ಕೆಂಪು ಗುರುತು ಹಾಕಿ ಬೆಂಗಳೂರಿಗೆ ಕಳಿಸುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ನಮ್ಮ ಅಂಕಿಅಂಶದ ಸಾರ್ ಇದ್ದರು. ಕೊನೆಯ ಮಾತು ಅವರದು.

ಇನ್ನೊಂದು ಕೆಲಸವನ್ನೂ ನಾನು ಮೈಮೇಲೆ ಎಳೆದುಕೊಂಡಿದ್ದೆ. ಪ್ರಶ್ನಾವಳಿಯ ಕನ್ನಡ ಅನುವಾದ ಮೊದಲು ಬಂದಾಗ ಇಪ್ಪತ್ತೇಳನೆಯ ಪ್ರಶ್ನೆ ‘ತಾವು ಆಸೀನ ಭಂಗಿಯಲ್ಲಿ ವ್ಯಯಿಸುವ ಒಟ್ಟು ಅವಧಿ’ ಎಂದಿತ್ತು. ಓದಿ ನಗು ಬಂತು. ಗುಬ್ಬಿ ಕಡೆಯ ಸಿ.ಎಸ್. ಪುರದ ಹಟ್ಟಿಯಲ್ಲಿ ನಿಂತು ಆಸೀನ ಭಂಗಿ ಎಂದರೆ ನಾಯಿಯೂ ಬೊಗಳೀತು. ನಾನು ಅದನ್ನು ಹೊಡೆದು ಹಾಕಿ, ‘ದಿನದಲ್ಲಿ ಒಟ್ಟು ಎಷ್ಟು ಹೊತ್ತು ನೀವು ಕೂತು ಕಾಲ ಕಳೆಯುತ್ತೀರಿ?’ ಎಂದು ಬರೆದೆ. ಸಾರ್ ಮೆಚ್ಚಿಕೊಂಡರು. ಮನೆಯಲ್ಲಿ ಉರ್ದು ಆಡುವ, ತುಮಕೂರಿನ ಬೀದಿಯಲ್ಲಿ ಕನ್ನಡ ಕಲಿತ ನನಗೆ ಆ ಮೆಚ್ಚುಗೆ ಸಣ್ಣದಾಗಿರಲಿಲ್ಲ. ಒಂದು ವಾರ ತಲೆ ಮೇಲೆತ್ತಿಕೊಂಡೇ ಓಡಾಡಿದೆ.

ತರಬೇತಿಯ ದಿನ ಎಲ್ಲರೂ ಅಭ್ಯಾಸಕ್ಕೆಂದು ತಮ್ಮದೇ ಒಂದೊಂದು ಫಾರಂ ತುಂಬಿದೆವು. ಇಪ್ಪತ್ತೇಳಕ್ಕೆ ನಾನು ಬರೆದದ್ದು 0120. ಎರಡು ಗಂಟೆ. ಆಗ ಅದು ನನಗೆ ಸರಿಯಾಗಿಯೇ ಕಂಡಿತ್ತು.

ಫಾರಂಗಳು ಬರತೊಡಗಿದವು. ಕುಣಿಗಲ್‌ನ ಸಮೀಕ್ಷಕನದು ನೋಡಲು ಚೆಂದ. 0600, 0540, 0720, ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನುವ ಹಾಗೆ. ನಗರದ ಮೂವರದೂ ಪರವಾಗಿಲ್ಲ, ಎರಡು ಗಂಟೆ ಮೂರು ಗಂಟೆ ಎಂದು ಬರುತ್ತಿತ್ತು. ಗುಬ್ಬಿಯದು ಮಾತ್ರ ಸೊನ್ನೆ. ಸೊನ್ನೆ, ಸೊನ್ನೆ, ಅರ್ಧ ಗಂಟೆ, ಮತ್ತೆ ಸೊನ್ನೆ. ಅಲ್ಲಿ ಸಮೀಕ್ಷೆಗೆ ಹೋಗುತ್ತಿದ್ದವಳು ಮೂವತ್ತು ದಾಟಿದ, ಮಾತು ಕಡಿಮೆಯ ಒಬ್ಬ ಹೆಂಗಸು. ಗುಬ್ಬಿಯವಳೇ. ಇಲ್ಲಿ ಅವಳನ್ನು ಗುಬ್ಬಿಯಾಕೆ ಎಂದೇ ಕರೆಯುತ್ತೇನೆ. ಸೊನ್ನೆ ಹಾಕಿದರೂ ಹತ್ತು ಗಂಟೆ ಮೀರಿದರೂ ಟ್ಯಾಬ್ ‘ಖಚಿತವೇ?’ ಎಂದು ಕೆಂಪಾಗಿ ಕೇಳುತ್ತದೆ. ಪ್ರತಿ ಸಲವೂ ಅವಳು ಹೌದು ಒತ್ತಿದ್ದಳು. ಅದು ಸಾಲದೆಂಬಂತೆ ಷರಾ ಬರೆಯುವ ಕಡೆ ಏನೇನೋ ತುಂಬಿರುತ್ತಿದ್ದಳು. ಷರಾ ಖಾನೆಗೆ ಕೋಡ್ ಇಲ್ಲ, ಆದ್ದರಿಂದ ನಾನು ಓದುತ್ತಲೂ ಇರಲಿಲ್ಲ. ಕೆಂಪು ಗುರುತು ಹಾಕುತ್ತಾ ಹೋದೆ.

ಸಾರ್ ಫೋನ್ ಮಾಡಿದರು.

“ಮೇಡಂ, ಗುಬ್ಬಿ ಡೇಟಾ ನೋಡಿದೆ. ಮನುಷ್ಯರು ಅಂದ್ಮೇಲೆ ಕೂರದೇ ಇರೋಕಾಗುತ್ತಾ? ಆಕೆ ಫೀಲ್ಡಿಗೇ ಹೋಗಿಲ್ಲ. ಮನೇಲಿ ಕೂತಲ್ಲೇ ತುಂಬಿದಾರೆ.”

“ನಂಗೂ ಹಂಗೇ ಅನ್ಸುತ್ತೆ ಸಾರ್” ಎಂದೆ. ಹಾಗೆ ಅಂದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

“ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ದೆ ಲೊಕೇಶನ್ನೂ ರೆಕಾರ್ಡ್ ಆಗಿಲ್ಲ. ಮುಂದಿನ ಸೋಮವಾರ ಆಕೆ ಐಡಿನ ಫೇಕ್ ಅಂತ ಕ್ಲೋಸ್ ಮಾಡ್ಬಿಡೋಣ. ಫಾರಂ ಎಲ್ಲಾ ಡಿಲೀಟ್.”

ಐಡಿ ಹಾಗೆ ಮುಚ್ಚಿದರೆ ಅದು ಒಂದು ಸಮೀಕ್ಷೆಗೆ ಮುಗಿಯುವುದಿಲ್ಲ. ನಮ್ಮ ಕಸುಬಿನ ಪ್ರಪಂಚ ಸಣ್ಣದು. ಸುಳ್ಳು ತುಂಬಿದವಳು ಎಂಬ ಹೆಸರು ಒಮ್ಮೆ ಅಂಟಿತೆಂದರೆ ಇನ್ನು ಯಾರೂ ಕರೆಯುವುದಿಲ್ಲ. ಅವಳನ್ನು ಕಚೇರಿಗೆ ಕರೆಸಿ ನಾನೇ ವಿಷಯ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ, ಮುಖ ಕೆಂಪಾಯಿತು.

“ಮೇಡಂ, ನಾನ್ ಒಂದ್ ಫಾರಮ್ಮೂ ಸುಳ್ ಬರ್ದಿಲ್ಲ. ಜನ ಏನ್ ಹೇಳುದ್ರೋ ಅದ್ನೇ ಹಾಕಿದೀನಿ.”

“ಜನ ಕೂರೋದೇ ಇಲ್ಲ ಅಂತಾರಾ? ನಂಬೋ ಮಾತಾ ಇದು?”

“ನಂಬ್ಬೇಡಿ. ನಾಳೆ ನನ್ ಜೊತೆ ಬನ್ನಿ, ನೀವೇ ಕೇಳಿ. ಆಮೇಲೆ ಐಡಿ ಕ್ಲೋಸ್ ಮಾಡೋದಾದ್ರೆ ಮಾಡಿ.” ಮತ್ತೆ ಸೇರಿಸಿದಳು: “ಷರಾ ಓದುದ್ರಾ ಮೇಡಂ?”

ನಾನು ಗಡಿಯಾರ ನೋಡಿದೆ. ಓದಿಲ್ಲ ಎನ್ನುವ ಬದಲು, ಗುಬ್ಬಿಗೆ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದೆ.

ಮಾರನೆಯ ಬೆಳಗ್ಗೆ ಗುಬ್ಬಿಗೆ ಬಸ್ಸು, ಅಲ್ಲಿಂದ ಸಿ.ಎಸ್. ಪುರಕ್ಕೆ ಇನ್ನೊಂದು. ಅದರಾಚೆ ತೆಂಗಿನ ತೋಟಗಳ ನಡುವೆ ಅರ್ಧ ಗಂಟೆ ನಡಿಗೆ. ಅವಳು ಸರಸರ ನಡೆಯುತ್ತಿದ್ದಳು. ನಾನು ಎರಡು ಕಡೆ ನಿಂತು ಉಸಿರು ತೆಗೆದುಕೊಂಡೆ. ಇದು ಅವಳ ದಿನದಿನದ ದಾರಿ ಎಂಬುದು ಆಗಲೇ ಹೊಳೆಯಬೇಕಿತ್ತು, ಆದರೆ ನನಗೆ ಬಿಸಿಲಿನ ಮೇಲೆ ಸಿಟ್ಟು ಬಂದಿತ್ತೇ ಹೊರತು ಬೇರೇನೂ ಹೊಳೆಯಲಿಲ್ಲ.

ಮೊದಲ ಮನೆಯ ಜಗಲಿಯ ಮೇಲೆ ಒಬ್ಬ ಅಜ್ಜಿ ಹುಣಸೆಹಣ್ಣು ಕುಟ್ಟುತ್ತಿದ್ದರು. ಮಣೆಯ ಮೇಲೆ ಕೂತು, ಒಂದು ಕಾಲು ನೀಡಿ, ಕಲ್ಲಿನ ಮೇಲೆ ಹಣ್ಣಿಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಬೀಜ ಆ ಕಡೆ, ಹಣ್ಣು ಈ ಕಡೆ. ಗುಬ್ಬಿಯಾಕೆ ಟ್ಯಾಬ್ ತೆಗೆದು, ಕಲಿಸಿದ ಹಾಗೆ ಒಂದಕ್ಷರ ಬಿಡದೆ ಓದಿದಳು. “ಅಜ್ಜಿ, ದಿನದಲ್ಲಿ ಒಟ್ಟು ಎಷ್ಟು ಹೊತ್ತು ನೀವು ಕೂತು ಕಾಲ ಕಳೆಯುತ್ತೀರಿ?”

“ಅಯ್ಯೋ ಬುಡವ್ವಾ, ಅವತ್ತೂ ಇದ್ನೇ ಕೇಳ್ದೆ. ಕೂತು ಕಾಲ ಕಳ್ಯೋಕೆ ನಾನೇನ್ ಸೋಂಬೇರಿನಾ? ಕೂತುಂಡ್ರೆ ಕುಡಿಕೆ ಹೊನ್ನೂ ಸಾಲ್ದು. ಒಂದ್ ಗಳಿಗೆನೂ ಕೂರಲ್ಲ ಅಂತ ಬರ್ಕೊ.”

ಹೀಗೆ ಹೇಳುವಾಗ ಅವರು ಮಣೆ ಬಿಟ್ಟು ಒಂದು ಅಂಗುಲವೂ ಕದಲಿರಲಿಲ್ಲ. ನನಗೆ ತಡೆಯಲಾಗಲಿಲ್ಲ. “ಅಜ್ಜಿ, ಈಗ ಕೂತೇ ಇದೀರಲ್ಲ?”

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. “ಇದಾ? ಇದು ಹಣ್ ಕುಟ್ತಾ ಇರೋದು ಕಣವ್ವ. ಕೂತಿರೋದಲ್ಲ.”

“ಹಣ್ಣು ಎಷ್ಟೊತ್ತು ಕುಟ್ತೀರಿ?”

“ಹೊತ್ತುಟ್ಟಿ ಡೈರಿಗೆ ಹಾಲ್ ಹಾಕ್ ಬಂದು ಶುರು ಮಾಡುದ್ರೆ ಸಂಜೆಗಂಟ ಇದೇಯ. ಮಧ್ಯದಾಗೆ ಒಂದ್ ಮುದ್ದೆ ಉಣ್ಣೋದು, ಅಷ್ಟೇಯ. ನೀನು ಕುಂಡಿ ಊರಿದ್ದು ಎಷ್ಟೊತ್ತು ಅಂತ ಕೇಳುದ್ರೆ ಅದ್ ಬೇರೆ ಮಾತು. ಅದು ದಿನಪೂರ್ತಿ ಊರೇ ಇರ್ತದೆ. ಕೂತು ಕಾಲ ಕಳಿಯೋದು ಅಂದ್ರೆ ಅದಲ್ಲ ಕಣ್ ತಾಯಿ. ನೀನು ಓದ್ದೋಳು, ನಿಂಗ್ ನಾನ್ ಹೇಳ್ಕೊಡ್ಬೇಕಾ?”

ಹೇಳಿಕೊಡಬೇಕಿತ್ತು. ನಾನು ಅಲ್ಲೇ ಜಗಲಿಯ ಅಂಚಿನಲ್ಲಿ ಕೂತುಬಿಟ್ಟೆ. ‘ಕೂತು ಕಾಲ ಕಳೆಯುತ್ತೀರಿ’ ಎಂದು ನಾನು ಜಾಣತನದಿಂದ ಬರೆದದ್ದನ್ನು ಯಾವ ಕನ್ನಡದವರೂ ಕೂರುವುದರ ಬಗ್ಗೆ ಕೇಳಿದ ಪ್ರಶ್ನೆ ಎಂದುಕೊಳ್ಳುವುದಿಲ್ಲ. ಅದು ಬೈಗುಳ. ಮನೆಗೆ ಹೋಗಿ ಒಬ್ಬೊಬ್ಬರನ್ನೂ ನೀವು ಎಷ್ಟು ಸೋಂಬೇರಿ ಎಂದು ಕೇಳಿಸಿದ್ದೆ, ಅವರು ಮರ್ಯಾದೆಯಾಗಿ ಸೊನ್ನೆ ಎಂದಿದ್ದರು.

ಆ ಜಗಲಿಯಲ್ಲೇ ಗುಬ್ಬಿಯಾಕೆಯ ಟ್ಯಾಬ್ ಇಸಿದುಕೊಂಡು ಷರಾಗಳನ್ನು ಓದಿದೆ. ‘ಕೂರಲ್ಲ ಅಂದರು. ಗರಿ ಸೀಳಿ ಪೊರಕೆ ಕಡ್ಡಿ ಮಾಡುತ್ತಾರೆ, ಬೆಳಗ್ಗಿಂದ.’ ‘ಕೂರೋಕೆ ಪುರುಸೊತ್ತಿಲ್ಲ ಅಂದರು. ಹೂ ಕಟ್ಟುತ್ತಾರೆ.’ ‘ಸಿಟ್ಟು ಮಾಡಿಕೊಂಡರು. ಹೊಲಿಗೆ ಮಿಷನ್ ಇದೆ.’ ಒಂದೊಂದರಲ್ಲೂ ಸತ್ಯ ಇತ್ತು, ಕೋಡ್ ಇಲ್ಲದ ಖಾನೆಯಲ್ಲಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪ್ರಶ್ನೆ ಬರೆಯಲಾರದ ನಾನು ಗುಬ್ಬಿಯಾಕೆಯನ್ನೇ ಡೊಂಕು ಎಂದಿದ್ದೆ.

ಮನೆಗೆ ಬಂದ ಮೇಲೂ ಸಮಾಧಾನವಿಲ್ಲ. ನನ್ನ ಅಮ್ಮಿ ಮೂವತ್ತು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪು, ಗೋಡೆಗೆ ಒರಗಿದ ಬೆನ್ನು. ನಾವು ಶಾಲೆಗೆ ಹೋಗುವಾಗ ಎಲ್ಲಿ ಕೂತಿದ್ದರೋ ಬಂದಾಗಲೂ ಅಲ್ಲೇ. ಈಗ ಅವರಿಗೆ ಸೊಂಟ ನೆಟ್ಟಗಾಗುವುದಿಲ್ಲ. ಅವರನ್ನೇ ಕೇಳಿದೆ, ಆಗೆಲ್ಲ ದಿನಕ್ಕೆ ಎಷ್ಟು ಹೊತ್ತು ಕೂತಿರುತ್ತಿದ್ದಿರಿ ಎಂದು. ಅಮ್ಮಿ ನಕ್ಕರು. ಕೂರುವುದಕ್ಕೆ ಪುರುಸೊತ್ತು ಎಲ್ಲಿತ್ತು ಎಂದರು. ಅವರು ಹೇಳಿದ್ದು ನಮ್ಮ ಮನೆಮಾತಿನಲ್ಲಿ. ಆದರೆ ಪುರುಸೊತ್ತೆಂಬ ಪದ ನಮ್ಮ ಮನೆಗೂ ಸಿ.ಎಸ್. ಪುರದ ಅಜ್ಜಿಯ ಮನೆಗೂ ಒಂದೇ, ಅರ್ಥವೂ ಒಂದೇ. ಈ ಉತ್ತರವನ್ನು ಕೇಳುತ್ತಲೇ ಬೆಳೆದವಳು ನಾನು, ಫಾರಂನಲ್ಲಿ ಬಂದಾಗ ಗುರುತು ಹಿಡಿಯಲಿಲ್ಲ. ನಾಚಿಕೆಯಾಯಿತು.

ಒಂದು ಕಡೆ ತಪ್ಪಿದ್ದರೆ ಇನ್ನೊಂದು ಕಡೆಯೂ ನೋಡಿಬಿಡೋಣ ಎಂದು ಮರುದಿನ ಕುಣಿಗಲ್‌ಗೆ ಹೋದೆ, ನಾನು ಕಣ್ಣಿಗೊತ್ತಿಕೊಂಡ ಅಂಕಿಗಳ ಊರಿಗೆ. 0720, ಅಂದರೆ ಹನ್ನೆರಡು ಗಂಟೆ ಕೂರುತ್ತೇನೆ ಎಂದಿದ್ದವರು ಪಾತ್ರೆ ಅಂಗಡಿಯ ಒಬ್ಬ ಸಾಹೇಬರು. ಒಂದು ಗಂಟೆ ಅಂಗಡಿಯಲ್ಲಿ ನಿಂತು ನೋಡಿದೆ. ಅವರು ಏಣಿ ಹತ್ತಿದರು, ಇಳಿದರು, ಗೋಡೌನಿಗೆ ಹೋದರು, ಕೊಡ ಹೊತ್ತು ತಂದರು, ಗಿರಾಕಿಯ ಮುಂದೆ ತಪ್ಪಲೆ ಬಡಿದು ಸದ್ದು ಕೇಳಿಸಿದರು. ಅಂಗಡಿಯಲ್ಲಿ ಒಂದು ಸ್ಟೂಲೂ ಇರಲಿಲ್ಲ.

“ಭಾಯಿ, ಹನ್ನೆರಡು ಗಂಟೆ ಕೂರ್ತೀನಿ ಅಂತ ಬರೆಸಿದೀರಲ್ಲ?”

“ಹೌದು ಆಪಾ. ಬೆಳಗ್ಗೆ ಒಂಬತ್ತಕ್ಕೆ ಅಂಗಡೀಲಿ ಕೂತ್ರೆ ರಾತ್ರಿ ಒಂಬತ್ತು. ಅಬ್ಬಾ ಇರೋವಾಗ ಅವ್ರು ಕೂರ್ತಿದ್ರು, ಈಗ ನಾನ್ ಕೂರ್ತೀನಿ.”

ಅಂಗಡಿಯಲ್ಲಿ ಕೂರುವುದೆಂದರೆ ವ್ಯಾಪಾರ ನೋಡಿಕೊಳ್ಳುವುದು. ಸಿ.ಎಸ್. ಪುರದಲ್ಲಿ ಕೂತವರು ಕೂತಿಲ್ಲ ಎನ್ನುತ್ತಿದ್ದರು, ಕುಣಿಗಲ್‌ನಲ್ಲಿ ನಿಂತವರು ಕೂತಿದ್ದೇನೆ ಎನ್ನುತ್ತಿದ್ದರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ನಗರದ ಎರಡು ಗಂಟೆಯ ಗುಟ್ಟೂ ಅದೇ ಸಂಜೆ ಬಯಲಾಯಿತು. ಅಂತರಸನಹಳ್ಳಿಯ ಗಾರ್ಮೆಂಟ್ಸ್ ಹೆಂಗಸರು, ಎಂಟು ಗಂಟೆ ಮಿಷನ್ ಮುಂದೆ ಕೂತು ಹೊಲಿಯುವವರು, “ಅಲ್ಲಿ ಕೂರೋಕೆಲ್ಲಿ ಬಿಡ್ತಾರೆ?” ಎಂದಿದ್ದರಂತೆ. “ಸೊನ್ನೆ ಹಾಕಿದ್ರೆ ಟ್ಯಾಬ್ ಕೆಂಪಾಗುತ್ತೆ ಮೇಡಂ, ಅದಕ್ಕೆ ನಾವೇ ಒಂದೆರಡು ಗಂಟೆ ಅಂತ ಹಾಕ್ಬಿಡ್ತಿದ್ವಿ” ಎಂದು ನಗರದ ಸಮೀಕ್ಷಕರು ಒಪ್ಪಿಕೊಂಡರು. ಅಷ್ಟೂ ಜನರಲ್ಲಿ ಸೊನ್ನೆ ಕೇಳಿ ಸೊನ್ನೆಯನ್ನೇ ಬರೆದವಳು ಒಬ್ಬಳೇ. ಕೆಂಪು ಗುರುತು ಬಿದ್ದದ್ದೂ ಅವಳೊಬ್ಬಳಿಗೇ.

ಸುಮ್ಮನಿದ್ದುಬಿಡುವ ದಾರಿ ಒಂದಿತ್ತು. ಗುಬ್ಬಿಯ ಫಾರಂಗಳನ್ನು ಅಳಿಸಿದರೆ ಉಳಿದ ಅಂಕಿಗಳು ಚೆಂದವಾಗಿಯೇ ಕಾಣುತ್ತಿದ್ದವು. ಯಾರೂ ಕೇಳುತ್ತಿರಲಿಲ್ಲ. ನನ್ನ ಗುತ್ತಿಗೆ ಮುಂದಿನ ವರ್ಷವೂ ಸಿಗುತ್ತಿತ್ತು. ಶುಕ್ರವಾರ ಮಧ್ಯಾಹ್ನ ಸಾರ್‌ಗೆ ಪತ್ರ ಬರೆದೆ. ‘ತಪ್ಪು ಗುಬ್ಬಿಯ ಸಮೀಕ್ಷಕಿಯದಲ್ಲ. ಇಪ್ಪತ್ತೇಳನೆಯ ಪ್ರಶ್ನೆಯನ್ನು ಬರೆದ ನನ್ನದು. ಆಕೆಯ ಐಡಿ ಮುಚ್ಚಬೇಡಿ. ಮೂರೂ ಕಡೆ ಈ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕು.’ ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಕಳಿಸುವ ಗುಂಡಿ ಒತ್ತಿದೆ.

ಸಾರ್ ಸಿಟ್ಟಾದರು. ಪ್ರಶ್ನಾವಳಿಯನ್ನು ನಡುವೆ ಬದಲಾಯಿಸುವ ಹಾಗಿಲ್ಲ ಎಂದರು. ಮತ್ತೆ ಜನರನ್ನು ಕೇಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದರು. ಹುಣಸೆಹಣ್ಣಿನ ಮಾತು ಕೇಳಿ ನನಗೆ ಆ ಸಂಕಟದಲ್ಲೂ ನಗು ಬಂತು. ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಅವರ ಬಳಿ ತೊಡೆಗೆ ಅಂಟಿಸುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಹನ್ನೆರಡು ಯಂತ್ರಗಳಿದ್ದವು. ತೊಡೆ ನೆಟ್ಟಗಿದ್ದರೆ ನಿಂತ ಲೆಕ್ಕ, ಅಡ್ಡವಿದ್ದರೆ ಕೂತ ಲೆಕ್ಕ, ರಾತ್ರಿ ಮಲಗಿದ ಹೊತ್ತು ಬಿಟ್ಟು.

“ಹನ್ನೆರಡು ಜನಕ್ಕೆ ಮೂರು ದಿನ ಕಟ್ಟಿ. ನಾಲ್ಕನೇ ದಿನ ನಿಮ್ಮ ಹೊಸ ಪ್ರಶ್ನೆ ಕೇಳಿ, ಫಾರಂ ಸೀಲ್ ಮಾಡಿ. ಯಂತ್ರದಲ್ಲಿ ಏನಿದೆ ಅಂತ ನಾನಷ್ಟೇ ಓಪನ್ ಮಾಡಿ ನೋಡೋದು. ಮ್ಯಾಚ್ ಆದ್ರೆ ಮೇಲಿನವ್ರ ಹತ್ರ ನಾನೇ ಒಪ್ಪಿಗೆ ತರ್ತೀನಿ. ಆಗ್ಲಿಲ್ಲ ಅಂದ್ರೆ ಆಕೆ ಐಡಿನೂ ಕ್ಲೋಸ್, ನಿಮ್ಮ ಹೆಸರೂ ಪಟ್ಟಿಯಿಂದ ಔಟ್. ಹತ್ತು ದಿನ ಟೈಮು.”

“ಆಯ್ತು ಸಾರ್. ಒಂದು ಷರತ್ತು. ಆ ಹನ್ನೆರಡೂ ಜನಕ್ಕೆ ಪ್ರಶ್ನೆ ಕೇಳೋದು ಗುಬ್ಬಿಯಾಕೆನೇ.”

“ನಿಮ್ಮಿಷ್ಟ” ಎಂದರು.

ಹೊಸ ಪ್ರಶ್ನೆ ಬರೆಯಲು ನಾವಿಬ್ಬರೂ ಕೂತೆವು. ಎಷ್ಟು ಹೊತ್ತು ಕೂರುತ್ತೀರಿ ಎಂದು ಕೇಳುವುದೇ ಬೇಡ, ಏನೇನು ಕೆಲಸ ಮಾಡಿದಿರಿ, ಎಷ್ಟೆಷ್ಟು ಹೊತ್ತು ಎಂದು ಕೇಳಿ ಕೂಡಿಸೋಣ ಎಂದೆ ನಾನು. ನಮ್ಮ ಬೀದಿಯಲ್ಲೇ ಬೀಡಿ ಕಟ್ಟುವ ಒಬ್ಬರ ಮೇಲೆ ಪ್ರಯೋಗ ಮಾಡಿದೆವು. ನಲವತ್ತು ನಿಮಿಷ ಹಿಡಿಯಿತು, ಕೂಡಿಸಿದರೆ ಅವರ ದಿನ ಇಪ್ಪತ್ತೇಳು ಗಂಟೆಯದಾಯಿತು. ನಾನು ತಲೆ ಮೇಲೆ ಕೈ ಹೊತ್ತೆ.

“ಸುಳ್ಳಲ್ಲ ಮೇಡಂ” ಎಂದಳು ಗುಬ್ಬಿಯಾಕೆ. “ಬೀಡಿ ಕಟ್ತಾನೇ ಸಾರಿಗೆ ಉರಿ ನೋಡ್ಕೋತಾರೆ, ಮೊಮ್ಮಗೀನ ತೊಟ್ಲೂ ತೂಗ್ತಾರೆ. ಕೆಲ್ಸ ಮೂರು, ಹೊತ್ತು ಒಂದೇ. ಕೆಲ್ಸ ಕೇಳ್ಬಾರ್ದು. ಹೊತ್ತು ಹಿಡ್ಕೊಂಡು ಹೋಗ್ಬೇಕು.”

ಹೊತ್ತು ಹಿಡಿಯುವುದು ಹೇಗೆಂದು ಅವಳೇ ತೋರಿಸಿದಳು. ಗಡಿಯಾರ ಕೇಳಬಾರದು. ಹಳ್ಳಿಯಲ್ಲಿ ಡೈರಿ ಹಾಲು, ಹತ್ತು ಗಂಟೆ ಬಸ್ಸು, ಸ್ಕೂಲು ಬಿಡುವುದು, ಸಂಜೆ ದೀಪ. ನಗರದಲ್ಲಿ ಅಜಾನ್, ನೀರು ಬಿಡುವ ಹೊತ್ತು, ಟಿವಿಯ ಸೀರಿಯಲ್. ನಿನ್ನೆಯ ದಿನವನ್ನು ಇಂಥ ಎರಡೆರಡು ಗುರುತುಗಳ ನಡುವೆ ತುಂಡು ಮಾಡಿಕೊಂಡು, ಪ್ರತಿ ತುಂಡಿಗೂ ಒಂದೇ ಪ್ರಶ್ನೆ. ಆ ಒಂದು ಪ್ರಶ್ನೆಗೆ ಪದ ಬೇಕಿತ್ತು. ಸಿಕ್ಕಿದ ಪದವೇನೋ ಇತ್ತು, ಅಜ್ಜಿ ಕೊಟ್ಟದ್ದು. ಅದನ್ನು ಸರ್ಕಾರಿ ಕಾಗದದಲ್ಲಿ ಹೇಗೆ ಅಚ್ಚು ಹಾಕಿಸುವುದು?

“ಮೇಡಂ, ‘ತಳ ಊರಿ’ ಅನ್ನೋಣ್ವಾ?” ಎಂದಳು ಅವಳು, ಬಾಯಿಗೆ ಸೆರಗು ಮುಚ್ಚಿ ನಗುತ್ತಾ.

ನಾನು ಎದ್ದು ನಿಂತೆ. ತಳ ಊರಿ! ಪಾತ್ರೆಗೂ ತಳ, ಮನುಷ್ಯನಿಗೂ ತಳ. ಮಾನವೂ ಉಳಿಯಿತು, ಮಾತೂ ಉಳಿಯಿತು. ‘ಆ ಹೊತ್ತಿನಲ್ಲಿ ನೆಲ, ಮಣೆ, ಕುರ್ಚಿ ಯಾವುದರ ಮೇಲಾದರೂ ತಳ ಊರಿ ಇದ್ದದ್ದೆಷ್ಟು?’ ಇದರಲ್ಲಿ ಸೋಂಬೇರಿತನವಿಲ್ಲ, ಅಂಗಡಿಯ ಯಜಮಾನಿಕೆಯಿಲ್ಲ. ನಮ್ಮನ್ನು ಕಾಡುತ್ತಿದ್ದ ಇನ್ನೊಂದು ತೊಡಕೂ ಬಿಡಿಸಿಹೋಯಿತು. ಕುಕ್ಕರಗಾಲಲ್ಲಿ ಪಾತ್ರೆ ತೊಳೆಯುವವರನ್ನು ಕೂತವರೆಂದು ಬರೆಯಬೇಕೋ ಬೇಡವೋ? ತಳ ಊರಿಲ್ಲ, ಬರೆಯಬೇಡ. ಆದರೂ ಅದನ್ನು ಷರಾದಲ್ಲಿ ಬೇರೆಯಾಗಿ ನಿಮಿಷ ಹಾಕಿ ಬರೆದಿಡುತ್ತೇನೆ ಎಂದಳು ಗುಬ್ಬಿಯಾಕೆ. ಷರಾ ಬರೆಯಬೇಡ ಎನ್ನುವ ಬಾಯಿ ನನಗಿನ್ನು ಇರಲಿಲ್ಲ.

ಯಂತ್ರ ಅಂಟಿಸಲು ಹೋದಾಗ ಸಿ.ಎಸ್. ಪುರದ ಅಜ್ಜಿ, “ಕರೆಂಟ್ ಹೊಡಿಯಲ್ಲ ತಾನೇ?” ಎಂದು ಮೂರು ಸಲ ಕೇಳಿ ಒಪ್ಪಿದರು. ಪಾತ್ರೆ ಅಂಗಡಿಯ ಸಾಹೇಬರು ಒಪ್ಪಿದರು. ಇಬ್ಬರು ಗಾರ್ಮೆಂಟ್ಸ್ ಹೆಂಗಸರು, ಕೊತ್ತಗೆರೆಯ ಒಬ್ಬ ರೈತರು, ಹೀಗೆ ಹನ್ನೊಂದಾಯಿತು. ಹನ್ನೆರಡನೆಯವರು ಕೊನೆಗಳಿಗೆಯಲ್ಲಿ ಬೇಡವೆಂದರು. ಉಳಿದ ಯಂತ್ರವನ್ನು ನಾನೇ ಅಂಟಿಸಿಕೊಂಡೆ.

ಮೂರು ದಿನ ಕಳೆದ ಮೇಲೆ ಅವಳು ಹನ್ನೊಂದು ಮನೆ ಸುತ್ತಿ ಪ್ರಶ್ನೆ ಕೇಳಿ ಬಂದಳು. ಈಗ ಒಬ್ಬೊಬ್ಬರಿಗೆ ಹನ್ನೆರಡು ನಿಮಿಷ ಸಾಕಾಗುತ್ತಿತ್ತು, ಯಾರೂ ಸಿಟ್ಟಾಗಲಿಲ್ಲ. ನನ್ನ ಫಾರಂ ಬಾಕಿ ಉಳಿಯಿತು. ನಿಮ್ಮದು ಆಮೇಲೆ ಮೇಡಂ, ಮೊದಲು ಬಸ್ಸು ಹಿಡಿಯಬೇಕಾದವರದು ಎಂದಿದ್ದಳು. ಹನ್ನೊಂದು ಫಾರಂಗಳೂ ಹನ್ನೆರಡು ಯಂತ್ರಗಳೂ ಬೆಂಗಳೂರಿಗೆ ಹೋದವು.

ಹತ್ತನೆಯ ದಿನ ಸಾರ್ ತಾವೇ ತುಮಕೂರಿಗೆ ಬಂದರು. ಎಲ್ಲ ಸಮೀಕ್ಷಕರೂ ಸೇರಿದ್ದರು. ಅವರು ಲ್ಯಾಪ್‌ಟಾಪ್ ತೆರೆದು, ಒಂದು ಕಡೆ ಯಂತ್ರದ ಮೂರನೆಯ ದಿನದ ಲೆಕ್ಕ, ಇನ್ನೊಂದು ಕಡೆ ಫಾರಂ ಇಟ್ಟು ಜೋರಾಗಿ ಓದತೊಡಗಿದರು. ಹುಣಸೆಹಣ್ಣಿನ ಅಜ್ಜಿ: ಯಂತ್ರ ಒಂಬತ್ತು ಗಂಟೆ ಹತ್ತು ನಿಮಿಷ, ಫಾರಂ ಒಂಬತ್ತು ಗಂಟೆ. ಹಳೆಯ ಫಾರಂನಲ್ಲಿ ನಾಲ್ಕು ಸೊನ್ನೆ ಇದ್ದ ಅದೇ ಅಜ್ಜಿ. ಪಾತ್ರೆ ಅಂಗಡಿಯ ಸಾಹೇಬರು: ಯಂತ್ರ ಎರಡು ಗಂಟೆ ಇಪ್ಪತ್ತು, ಫಾರಂ ಎರಡೂವರೆ. ಗಾರ್ಮೆಂಟ್ಸ್‌ನವರು ಇಬ್ಬರೂ ಹತ್ತಿಪ್ಪತ್ತು ನಿಮಿಷದ ಅಂತರದಲ್ಲಿ. ಒಂದೊಂದು ಹೆಸರಿಗೂ ನನ್ನ ಬೆನ್ನು ಸ್ವಲ್ಪ ಸ್ವಲ್ಪ ನೆಟ್ಟಗಾಗುತ್ತಿತ್ತು.

ಒಂಬತ್ತನೆಯ ಹೆಸರಿಗೆ ಸಾರ್ ನಿಂತರು. “ಇಲ್ನೋಡಿ. ಯಂತ್ರ ಏಳೂವರೆ ಅಂತಿದೆ, ಫಾರಂ ಆರು. ಒಂದೂವರೆ ಗಂಟೆ ಎಲ್ಲಿ ಹೋಯ್ತು?”

ಹಿಂದಿನ ಸಾಲಿನಿಂದ ಗುಬ್ಬಿಯಾಕೆ ಎದ್ದಳು.

“ಸಾರ್, ಷರಾ ನೋಡಿ. ಅವ್ರ ಮನೇಲಿ ಅವತ್ತು ನಾಮಕರಣ. ಒಂದೂವರೆ ಗಂಟೆ ಪಾತ್ರೆ ಉಜ್ಜಿದಾರೆ, ಕುಕ್ಕರಗಾಲಲ್ಲಿ. ತಳ ಊರಿಲ್ಲ ಸಾರ್, ಅದಕ್ಕೇ ನಾನ್ ಸೇರಿಸ್ಲಿಲ್ಲ. ತೊಡೆ ಅಡ್ಡ ಇತ್ತಲ್ಲ, ನಿಮ್ ಯಂತ್ರ ಕೂತವ್ರೆ ಅಂದ್ಕೊಂಡೈತೆ.”

ಸಾರ್ ಷರಾ ಓದಿದರು. ‘ಕುಕ್ಕರಗಾಲು 90 ನಿಮಿಷ. ನಾಮಕರಣದ ಪಾತ್ರೆ.’ ಎರಡನೆಯ ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ಬಾಯಿ ತುಂಬ ನಕ್ಕುಬಿಟ್ಟರು.

“ಯಂತ್ರ ಬೇಸ್ತು ಬಿದ್ದಿದೆ, ನೀವು ಬಿದ್ದಿಲ್ಲ!”

ಯಾರೋ ಚಪ್ಪಾಳೆ ಹೊಡೆದರು, ಉಳಿದವರು ಸೇರಿಕೊಂಡರು. ನಾನೂ ಹೊಡೆದೆ, ಅಂಗೈ ಉರಿಯುವಷ್ಟು. ಸಾರ್ ಎಲ್ಲರ ಮುಂದೆಯೇ ಅವಳ ಐಡಿ ತೆರೆದು ಕೆಂಪು ಗುರುತುಗಳನ್ನು ಒಂದೊಂದಾಗಿ ತೆಗೆದರು. ಅಷ್ಟನ್ನೂ ಹಾಕಿದವಳು ನಾನು, ಅದಕ್ಕೇ ಒಂದನ್ನೂ ಬಿಡದೆ ನೋಡಿದೆ. ಷರಾ ಖಾನೆಗೂ ಅಂದೇ ಕೋಡ್ ಕೊಟ್ಟರು. ಹದಿನೈದು ದಿನದಲ್ಲಿ ಮೇಲಿನವರ ಒಪ್ಪಿಗೆಯೂ ಬಂತು, ಹೊಸ ಇಪ್ಪತ್ತೇಳನೆಯ ಪ್ರಶ್ನೆ ಮೂರೂ ಕಡೆಗೆ ಹೋಯಿತು. ಅಚ್ಚಾದ ಫಾರಂನಲ್ಲಿ ‘ತಳ ಊರಿ’ ಎಂಬುದನ್ನು ಕಂಡಾಗ ನನಗಾದ ಖುಷಿ ಆಸೀನ ಭಂಗಿಯನ್ನು ಹೊಡೆದು ಹಾಕಿದಾಗಲೂ ಆಗಿರಲಿಲ್ಲ.

ಹೊಸದಾಗಿ ಎಲ್ಲರಿಗೂ ತರಬೇತಿ ಕೊಡಬೇಕಿತ್ತು. ಕೊಟ್ಟವಳು ಗುಬ್ಬಿಯಾಕೆ. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಹೇಗೆ ಕೇಳಬೇಕೆಂದು ತೋರಿಸಲು ಒಬ್ಬರು ಬೇಕು ಎಂದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು.

“ಮೇಡಂ, ನಿಮ್ದು ಒಂದ್ ಫಾರಂ ಬಾಕಿ ಐತೆ. ಬನ್ನಿ.”

ಹೋದೆ. ಅವಳು ನಿನ್ನೆಯ ಬೆಳಗಿನ ಅಜಾನ್‌ನಿಂದ ಶುರು ಮಾಡಿದಳು. ಕಚೇರಿಗೆ ಬಂದದ್ದು, ಚಹಾ, ಊಟ, ಮತ್ತೆ ಕಂಪ್ಯೂಟರ್, ಮನೆಗೆ ಹೋಗುವ ಆಟೋ, ಅಮ್ಮಿಯ ಪಕ್ಕದಲ್ಲಿ ಸೀರಿಯಲ್. ಪ್ರತಿ ತುಂಡಿಗೂ ಒಂದೇ ಪ್ರಶ್ನೆ, ತಳ ಊರಿ ಇದ್ದದ್ದೆಷ್ಟು ಮೇಡಂ? ಮಧ್ಯೆ ಎಲ್ಲೂ ನಗಲಿಲ್ಲ, ಎಲ್ಲೂ ಅವಸರ ಮಾಡಲಿಲ್ಲ. ಕೂಡಿಸಿ ಟ್ಯಾಬ್ ನನ್ನ ಕಡೆ ತಿರುಗಿಸಿದಳು. 0660. ಹನ್ನೊಂದು ಗಂಟೆ. ತರಬೇತಿ ನೋಡಲು ಬಂದಿದ್ದ ಸಾರ್ ಆಗಿನ ನನ್ನ ಯಂತ್ರದ ಲೆಕ್ಕ ಓದಿದರು: ದಿನಕ್ಕೆ ಹನ್ನೊಂದು ಗಂಟೆ ಐದು ನಿಮಿಷ.

ಬೆಳಗ್ಗೆ ಬಸ್ಸು ಹಿಡಿದು, ಬಿಸಿಲಲ್ಲಿ ಅರ್ಧ ಗಂಟೆ ನಡೆದು ಮನೆಮನೆಯ ಬಾಗಿಲು ತಟ್ಟಿದವಳನ್ನು ಕೂತಲ್ಲೇ ಬರೆದಿದ್ದಾಳೆ ಎಂದು ಒಪ್ಪಿಕೊಂಡವಳ ಲೆಕ್ಕ ಅದು. ಟ್ಯಾಬ್ ಕೆಂಪಾಗಿ ಕೇಳಿತು: ಖಚಿತವೇ?

ಅವಳು ನನ್ನ ಮುಖ ನೋಡಿದಳು. ನಾನೇ ಬೆರಳು ಚಾಚಿ ಹೌದು ಒತ್ತಿದೆ. “ಷರಾ ಏನಾದ್ರೂ ಬರೀಲಾ ಮೇಡಂ?” ಎಂದಳು.

“ಬರಿ” ಎಂದೆ. “ಮೊದಲು ಎರಡು ಗಂಟೆ ಅಂದಿದ್ರು ಅಂತ ಬರಿ.”